ಕೋಡಿಯ ಮೇಲೆ ಮೂಟೆ ಇಟ್ಟ ವರ್ಷ

ಹೋದ ವಾರ ಮುಳಬಾಗಿಲು ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಹೆಂಗಸು ಮೀನಿನ ಬುಟ್ಟಿ ಹೊತ್ತುಕೊಂಡು ನನ್ನ ಬಸ್ಸು ಹತ್ತಿದಳು. ನಾನು ಈಗ ಮುಳಬಾಗಿಲಿನಿಂದ ಕೋಲಾರದ ಮೇಲೆ ಮಾಲೂರಿಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರು. ಬುಟ್ಟಿಗೆ ಒದ್ದೆ ಗೋಣಿ ಮುಚ್ಚಿದ್ದಳು, ಆದರೆ ಗೋಣಿ ಮುಚ್ಚಿದರೆ ವಾಸನೆ ನಿಲ್ಲುತ್ತದೆಯೇ. ಮುಂದಿನ ಸೀಟಿನ ಇಸ್ತ್ರಿ ಅಂಗಿಯವರೊಬ್ಬರು ಕರ್ಚೀಫು ತೆಗೆದು ಮೂಗಿಗೆ ಒತ್ತಿಕೊಂಡರು.

"ಕಂಡಕ್ಟರ್, ಇಳಿಸ್ರೀ ಅದನ್ನ. ಇದೇನು ಬಸ್ಸಾ, ಮೀನ್ ಮಾರ್ಕೆಟ್ಟಾ?"

"ಬುಟ್ಟಿಗೂ ಲಗೇಜ್ ಟಿಕೆಟ್ ಆಗಿದೆ ಸಾರ್. ಮೂಗಿಗೆ ಕಷ್ಟ ಆದ್ರೆ ಕಿಟಕಿ ತೆಕ್ಕೊಳ್ಳಿ" ಅಂದೆ.

ಅವರಿಗೆ ಬಂದದ್ದು ಮೀನಿನ ವಾಸನೆ. ನನಗೆ ಬಂದದ್ದು ಅದರ ಅಡಿಯಲ್ಲಿದ್ದ ಇನ್ನೊಂದು ವಾಸನೆ. ಜೊಂಡು, ಕೊಳೆತ ಎಲೆ, ಬಿಸಿಲಿಗೆ ಅರ್ಧ ಒಣಗಿದ ಕಪ್ಪು ಕೆಸರು. "ಯಾವ ಕೆರೆದಮ್ಮ ಇದು?" ಎಂದು ಕೇಳಿದೆ. ಅವಳು ಹೇಳಿದ ಹೆಸರು ನಾನು ಒಂದು ಕಾಲದಲ್ಲಿ ದಿನಾ ನೋಡುತ್ತಿದ್ದ ಕೆರೆಯದು. ಅಲ್ಲಿಂದ ಕೋಲಾರದವರೆಗೆ ನಾನು ಟಿಕೆಟ್ ಕೊಟ್ಟೆ, ಚಿಲ್ಲರೆ ಕೊಟ್ಟೆ, ಎಲ್ಲವನ್ನೂ ಮಾಡಿದೆ, ಆದರೆ ಬಸ್ಸಿನಲ್ಲಿ ನಾನಿರಲಿಲ್ಲ.

ಆ ಕೆರೆ ಬೈರಕೂರಿನಿಂದ ಆಚೆಗೆ, ಆಂಧ್ರದ ಗಡಿಗೆ ಹತ್ತಿರದಲ್ಲಿದೆ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಮುಂದಿನ ಭಾನುವಾರವೇ ಕ್ಯಾಮೆರಾದವರು ಕಾರಿನಲ್ಲಿ ಬಂದು ಕೆಸರಿನವರೆಗೂ ಗಾಡಿ ಇಳಿಸುತ್ತಾರೆ. ಅಷ್ಟು ಉದಾರ ಮನಸ್ಸು ನನಗಿಲ್ಲ.

ನನ್ನ ಹಕ್ಕಿ ಹುಚ್ಚು ಶುರುವಾದದ್ದೂ ಆ ಊರಿನಲ್ಲೇ, ಬಸ್ಸಿನ ಕಿಟಕಿಯಿಂದ. ಆಗ ನನಗೆ ಹಗಲಿನ ಡ್ಯೂಟಿ. ಬಸ್ಸು ಕೆರೆಯ ಪಕ್ಕದ ಅರಳಿಕಟ್ಟೆಯ ಹತ್ತಿರ ತಿರುಗಿ ನಿಲ್ಲುತ್ತಿತ್ತು. ಡ್ರೈವರು ಟೀ ಕುಡಿಯುವಷ್ಟು ಹೊತ್ತು ನಾನು ಕೆರೆ ನೋಡುತ್ತಿದ್ದೆ. ಮೊದಮೊದಲು ಎಲ್ಲವೂ ಕೊಕ್ಕರೆ ನನಗೆ. ಆಮೇಲೆ ಮೊಬೈಲಿನಲ್ಲಿ ಫೋಟೋ ಹುಡುಕಿ ಒಂದೊಂದರ ಹೆಸರು ಕಲಿತೆ. ನನ್ನ ಮೈದುನ ಬೆಂಗಳೂರಿನಲ್ಲಿ ಕ್ರಿಕೆಟ್ ಮ್ಯಾಚ್ ನೋಡಲೆಂದು ಒಂದು ದುರ್ಬೀನು ಕೊಂಡಿದ್ದ. ಒಂದು ಮ್ಯಾಚ್ ನೋಡಿ ಅದನ್ನು ಬೀರುವಿನ ಮೇಲೆ ಎಸೆದಿದ್ದ. ಕೇಳದೆಯೇ ತಂದುಬಿಟ್ಟೆ. ಇವತ್ತಿಗೂ ಅವನು ಕೇಳಿಲ್ಲ, ನಾನೂ ಕೊಟ್ಟಿಲ್ಲ.

ಒಂದು ವರ್ಷ ಅಕ್ಟೋಬರ್ ತಿಂಗಳಲ್ಲಿ, ಮಧ್ಯಾಹ್ನದ ಟ್ರಿಪ್ಪಿನಲ್ಲಿ, ಕೆರೆಯ ಅಂಗಳದಲ್ಲಿ ಒಂದು ಹಿಂಡು ಕಂಡಿತು. ಏರಿಯ ಎದುರು ತುದಿಯನ್ನು, ಹಳ್ಳ ಬಂದು ಕೆರೆಗೆ ಸೇರುವ ಆಳವಿಲ್ಲದ ಜಾಗವನ್ನು, ಆ ಊರಿನವರು ಅಂಗಳ ಎನ್ನುತ್ತಾರೆ. ಉದ್ದ ಕಾಲು, ಕಾಲಿಗಿಂತ ಉದ್ದವೇನೋ ಎನಿಸುವ ನೆಟ್ಟಗಿನ ಕೊಕ್ಕು. ಅಷ್ಟೂ ಹಕ್ಕಿಗಳು ತಲೆ ತಗ್ಗಿಸಿ ನಾಟಿ ಹಾಕುವ ಹೆಂಗಸರಂತೆ ಕೆಸರಿಗೆ ಕೊಕ್ಕು ನೆಡುತ್ತ ಮುಂದೆ ಮುಂದೆ ಬರುತ್ತಿದ್ದವು. ಒಂದು ರೆಕ್ಕೆ ಎತ್ತಿದಾಗ ಬಿಳಿ ಪಟ್ಟೆ, ಕಪ್ಪು ಬಾಲ. ದುರ್ಬೀನು ಚೀಲದಿಂದ ತೆಗೆಯುವಷ್ಟರಲ್ಲಿ ಡ್ರೈವರು ಹಾರ್ನ್ ಹೊಡೆದ. ನನ್ನ ಬಸ್ಸು ಅದುವರೆಗೆ ಯಾವತ್ತೂ ತಡವಾಗಿ ಹೊರಟಿರಲಿಲ್ಲ. ಸೀಟಿ ಊದಿದೆ, ಹೊರಟೆವು. ದಾರಿಯುದ್ದಕ್ಕೂ ತಾಯಲೂರಿಗೆ ಹೋಗುವವರಿಗೆ ಮುಳಬಾಗಿಲಿನ ಟಿಕೆಟ್ ಕೊಟ್ಟು ಬೈಸಿಕೊಂಡೆ. ಸಂಜೆಯ ಟ್ರಿಪ್ಪಿಗೆ ಅವು ಹೋಗಿದ್ದವು.

ಮನೆಗೆ ಬಂದು ಹುಡುಕಿದರೆ ಅದು ಕಪ್ಪು ಬಾಲದ ಗೊರವ. ಹಿಮಾಲಯದ ಆಚೆಯಿಂದ ಬರುವ ಹಕ್ಕಿ. ಅಷ್ಟು ದೂರದಿಂದ ನಮ್ಮ ಮುಳಬಾಗಿಲು ತಾಲ್ಲೂಕಿನ ಕೆಸರಿಗೆ ಬಂದವರನ್ನು ನಾನು ಒಂದು ನಿಮಿಷ ನಿಂತು ಮಾತಾಡಿಸಲಿಲ್ಲವಲ್ಲ ಎಂದು ಸಂಕಟವಾಯಿತು. ಮುಂದಿನ ವರ್ಷ ಅವು ಬಂದರೆ ಮನಸ್ಸು ತುಂಬುವವರೆಗೆ ನಿಂತು ನೋಡಿಯೇ ತೀರುತ್ತೇನೆ ಎಂದು ಅವತ್ತೇ ನಿರ್ಧರಿಸಿದೆ.

ಅದಕ್ಕಿದ್ದದ್ದು ಒಂದೇ ದಾರಿ, ನೈಟ್ ಹಾಲ್ಟ್. ಸಂಜೆಯ ಕೊನೆಯ ಬಸ್ಸು ಆ ಊರಿನಲ್ಲೇ ಉಳಿದು ಬೆಳಿಗ್ಗೆ ಮೊದಲ ಟ್ರಿಪ್ಪಿಗೆ ಹೊರಡುತ್ತದೆ. ಡ್ರೈವರು, ಕಂಡಕ್ಟರು ಅಲ್ಲೇ ಮಲಗಬೇಕು. ಬೆಳಕು ಹರಿದ ಮೇಲೆ ಬಸ್ಸು ಹೊರಡುವವರೆಗಿನ ಹೊತ್ತು ಕಂಡಕ್ಟರದ್ದು. ಆಗಸ್ಟ್‌ನಲ್ಲಿ ಅರ್ಜಿ ಹಿಡಿದು ಡಿಪೋ ಮ್ಯಾನೇಜರ ಮುಂದೆ ನಿಂತೆ.

"ಹೆಂಗಸರಿಗೆ ನೈಟ್ ಹಾಲ್ಟ್ ಕೊಡಲ್ಲಮ್ಮ. ನಾಳೆ ಏನಾದ್ರೂ ಆದ್ರೆ ಯಾರು ಜವಾಬ್ದಾರಿ?"

"ಇಷ್ಟು ವರ್ಷ ಹಗಲು ಬಸ್ಸಲ್ಲಿ ಆದದ್ದಕ್ಕೆಲ್ಲ ಯಾರು ಜವಾಬ್ದಾರಿ ತಗೊಂಡಿದ್ರಿ ಸಾರ್?"

ಅವರು ಪೆನ್ನು ಕೆಳಗಿಟ್ಟರು. "ಅಂಥದ್ದೇನಮ್ಮ ಇದೆ ಆ ಊರಲ್ಲಿ?"

"ಹಕ್ಕಿ."

ನಾನು ತಮಾಷೆ ಮಾಡುತ್ತಿದ್ದೇನೋ ಇಲ್ಲವೋ ತಿಳಿಯದೆ ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ನಿಜ ಹೇಳಬೇಕೆಂದರೆ ಆ ಹಾಲ್ಟ್ ಯಾವ ಗಂಡಸಿಗೂ ಬೇಡವಾಗಿತ್ತು. ಸೊಳ್ಳೆ ಜಾಸ್ತಿ, ಹೋಟೆಲಿಲ್ಲ. ಸಹಿ ಹಾಕಿದರು. ನಮ್ಮ ಮನೆಯವರು ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುತ್ತಾರೆ. ಅವರಿಗೆ ಹೇಳಿದಾಗ, "ನೀನು ಹಕ್ಕಿ ಕಾಯಿ, ನಾನು ಹುಳ ಕಾಯ್ತೀನಿ. ಹುಳ ತಿನ್ನೋ ಹಕ್ಕಿನ ಮಾತ್ರ ಮನೆಗೆ ಕರ್ಕೊಂಡ್ ಬರಬೇಡ" ಅಂದರು. ಅವರ ಒಪ್ಪಿಗೆ ಯಾವಾಗಲೂ ಹೀಗೇ ಇರುತ್ತದೆ.

ನನ್ನ ಜೊತೆ ಹಾಕಿದ ಡ್ರೈವರು ಚಲಪತಿ. ರಾಯಲ್ಪಾಡಿನ ಕಡೆಯವನು, ನನಗಿಂತ ಚಿಕ್ಕವನು, ಮಾತಿನಲ್ಲಿ ಅರ್ಧ ತೆಲುಗು. ಅವನು ಬಸ್ಸಿನಲ್ಲೇ ಹಿಂದಿನ ಉದ್ದ ಸೀಟಿನ ಮೇಲೆ ಮಲಗುತ್ತಿದ್ದ. ನಾನು ನಾರಾಯಣಮ್ಮನ ಮನೆಯಲ್ಲಿ. ನಾರಾಯಣಮ್ಮ ಗಂಡ ಹೋದ ಮೇಲೆ ಒಂದು ಹಸು, ಅಂಗಳದ ಅಂಚಿನಲ್ಲಿ ಒಂದು ತುಂಡು ರಾಗಿ ಹೊಲ ಇಟ್ಟುಕೊಂಡು ಬದುಕುತ್ತಿದ್ದ ಗಟ್ಟಿ ಹೆಂಗಸು. ಮೊದಲ ಸಂಜೆಯೇ ಮುದ್ದೆ, ಹುರುಳಿ ಬಸ್ಸಾರು ಬಡಿಸಿ, "ನೀನು ಬಂದಿರಾದು ನಿಜವಾಗ್ಲೂ ಹಕ್ಕಿ ನೋಡಕ್ಕಾ, ಇಲ್ಲ ಮನೇಲಿ ಜಗಳ ಆಡ್ಕೊಂಡು ಬಂದಿದ್ದೀಯಾ?" ಎಂದು ಕೇಳಿದಳು. ಹಕ್ಕಿಗೇ ಎಂದೆ. "ಸರಿ, ತಿನ್ನು" ಅಂದಳು.

ಮೊದಲ ಗಲಾಟೆ ಆದದ್ದು ಗಂಡಸರದು. ಆ ಊರಿನ ಗಂಡಸರು ಬೆಳಗಾಗುತ್ತಲೇ ನೀರಿನ ಬಾಟ್ಲಿ ಹಿಡಿದು ಹೋಗುತ್ತಿದ್ದದ್ದು ಕೆರೆ ಏರಿಯ ಇಳಿಜಾರಿಗೆ. ಅದೇ ಹೊತ್ತಿಗೆ ಏರಿಯ ಮೇಲೆ ನಾನು, ಖಾಕಿ ಅಂಗಿ, ಕಣ್ಣಿಗೆ ದುರ್ಬೀನು. ವಾರ ತುಂಬುವುದರೊಳಗೆ ಮುನಿಸ್ವಾಮಪ್ಪ ಎಂಬ ಹಿರಿಯರು ನಾಲ್ಕು ಜನರನ್ನು ಕಟ್ಟಿಕೊಂಡು ನಾರಾಯಣಮ್ಮನ ಜಗಲಿಗೆ ಬಂದರು.

"ನೋಡಮ್ಮ, ನೀನು ಡ್ಯೂಟಿ ಮಾಡೋಳು, ಮರ್ಯಾದಸ್ತೆ. ಹಿಂಗೆ ಬೆಳಗಾಗ್ತಲೇ ದುರ್ಬೀನು ಹಿಡ್ಕೊಂಡು ನಿಂತ್ರೆ ಗಂಡಸ್ರು ಎಲ್ಲಿಗೆ ಹೋಗ್ಬೇಕು?"

"ನಿಮ್ಮ ಮನೆ ಹಿಂದೆ ಕಕ್ಕಸು ಕಟ್ಟಿಸಿದ್ದೀರಲ್ಲ ಯಜಮಾನ್ರೇ."

"ಅದ್ರಾಗೆ ಸೌದೆ ಐತೆ."

"ಸೌದೆ ಏರಿ ಮೇಲೆ ಹಾಕಿ, ನೀವು ಒಳಗೆ ಹೋಗಿ. ನಾನು ನೋಡೋಕೆ ಬಂದಿರೋದು ಹಕ್ಕಿನ. ಅವು ನಿಮಗಿಂತ ನೋಡೋಕೆ ಚೆನ್ನಾಗಿವೆ."

ಒಳಗಿನಿಂದ ನಾರಾಯಣಮ್ಮ ನಕ್ಕದ್ದು ಬೀದಿಗೆಲ್ಲ ಕೇಳಿತು. ಮುನಿಸ್ವಾಮಪ್ಪನವರು ಟವೆಲ್ ಕೊಡವಿಕೊಂಡು ಹೋದರು. ಆ ತಿಂಗಳು ಅವರು ನನ್ನ ಬಸ್ಸು ಹತ್ತಲಿಲ್ಲ. ಆದರೆ ಊರಿನ ಒಂದೆರಡು ಕಕ್ಕಸುಗಳಿಂದ ಸೌದೆ ಹೊರಬಂದದ್ದು ನಿಜ.

ಸೆಪ್ಟೆಂಬರ್ ಹಾಗೆ ಚೆನ್ನಾಗಿಯೇ ಕಳೆಯಿತು. ಕೆರೆ ಅರ್ಧ ತುಂಬಿತ್ತು. ಅಂಗಳದಲ್ಲಿ ಕೆಸರು ಅಗಲವಾಗಿ ಹರಡಿತ್ತು. ಮೊದಲು ಬಂದದ್ದು ಒಂದೇ ಒಂದು ಗದ್ದೆಗೊರವ. ಅದು ಗದ್ದೆಗೆ ನೀರು ಬಿಡುವ ತೂಬಿನ ಕಲ್ಲಿನ ಮೇಲೆ ನಿಂತು, ಹಿಂಭಾಗ ಕುಲುಕಿಸುತ್ತ, ಆ ಕಡೆ ಈ ಕಡೆ ಓಡಾಡಿ ಎಲ್ಲರ ಮೇಲೂ ಕಣ್ಣಿಡುತ್ತಿತ್ತು. ಅದಕ್ಕೆ ನಾನು ಚೆಕಿಂಗ್ ಇನ್ಸ್‌ಪೆಕ್ಟರ್ ಎಂದು ಹೆಸರಿಟ್ಟೆ. ಆಮೇಲೆ ಹಳದಿ ಸಿಪಿಲೆಗಳು ಬಂದವು. ನಾರಾಯಣಮ್ಮನ ಹಸುವಿನ ಕಾಲ ಸಂದಿಯಲ್ಲೇ ಬಾಲ ಕುಣಿಸಿಕೊಂಡು ಓಡಾಡಿ ನೊಣ ಹಿಡಿಯುತ್ತಿದ್ದವು. ಕರೆಂಟ್ ತಂತಿಯ ಮೇಲೆ ಅಂಬರಗುಬ್ಬಿಗಳು ಒತ್ತೊತ್ತಾಗಿ ಕೂರುತ್ತಿದ್ದವು. ಚಲಪತಿ ಮೊದಲು ನಗುತ್ತಿದ್ದ. "ಏಮಿ ಅಕ್ಕಾ ಇದಿ, ಕೋಳಿ ಆದ್ರೆ ಸಾರಾದ್ರೂ ಮಾಡ್ಬೋದು, ಇದ್ರಾಗೆ ಏನೈತೆ?" ಅನ್ನುತ್ತಿದ್ದ. ಒಂದು ದಿನ ಹಲ್ಲುಜ್ಜುತ್ತ ಬಂದವನು ದುರ್ಬೀನು ಕಸಿದುಕೊಂಡು ನೋಡಿದ. ಬಾಯಲ್ಲಿ ಬ್ರಶ್ ಹಾಗೇ ಇತ್ತು. "ಅಕ್ಕಾ, ಇವನು ನಮ್ ಡಿಪೋ ಸಾಹೇಬ್ರಂಗೇ ನಡೀತಾನೆ" ಎಂದ. ಇನ್ಸ್‌ಪೆಕ್ಟರನ್ನೇ ನೋಡಿದ್ದ. ಅವತ್ತಿನಿಂದ ಅವನು ನನಗಿಂತ ಮುಂಚೆ ಏರಿಯ ಮೇಲಿರುತ್ತಿದ್ದ.

ಆಯುಧಪೂಜೆಗೆ ಬಸ್ಸಿಗೆ ಬಾಳೆಕಂದು ಕಟ್ಟಿದ ದಿನ ಹಿಡಿದ ಮಳೆ ಬಿಡಲೇ ಇಲ್ಲ. ಹಳ್ಳ ಕೆಂಪಗೆ ಬಂತು. ಕೆರೆ ತುಂಬಿ ಕೋಡಿ ಬಿತ್ತು. ಕೋಡಿ ಅಂದರೆ ಅಲ್ಲಿ ಏರಿಯ ಕೊನೆಯಲ್ಲಿ ಹಳೆಯ ಕಾಲದ ಕಲ್ಲಿನ ಕಟ್ಟೆ, ಅದರ ಮೇಲಿನಿಂದ ಹೆಚ್ಚಿನ ನೀರು ಹಾಲಿನ ಹಾಳೆಯಂತೆ ಜಾರುತ್ತದೆ. ಊರಿಗೆ ಊರೇ ಅಲ್ಲಿತ್ತು. ಗಂಗಮ್ಮನಿಗೆ ಮಡಿಲು ತುಂಬಿದರು, ಕುರಿ ಕಡಿದರು. ಆ ಕೆರೆ ತುಂಬಿದ್ದನ್ನು ಹುಟ್ಟಿದ ಮೇಲೆ ನೋಡಿರದ ದೊಡ್ಡ ದೊಡ್ಡ ಹುಡುಗರು ಅಲ್ಲಿದ್ದರು. ಮುದುಕಿಯರು ನೀರನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಅಳುತ್ತಿದ್ದರು. ನಾನೂ ಅತ್ತೆ. ನಾನು ಶ್ರೀನಿವಾಸಪುರದ ಕಡೆಯವಳು, ಬರಿದಾದ ಕೆರೆಯಲ್ಲಿ ಆಟವಾಡಿ ಬೆಳೆದವಳು. ತುಂಬಿದ ಕೆರೆಯ ಬೆಲೆ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕೋಡಿಯ ಮಟ್ಟದಲ್ಲಿ ನೀರು ನಿಂತರೆ ಅಂಗಳದಲ್ಲಿ ಪಾದ ಮುಳುಗುವಷ್ಟು ನೀರು, ನಡುನಡುವೆ ಕೆಸರಿನ ದಿಬ್ಬ. ಉದ್ದ ಕೊಕ್ಕಿನವರಿಗೆ ಹೇಳಿ ಮಾಡಿಸಿದ ಜಾಗ. ಆ ದಿನ ನನಗೆ ಎರಡು ಸಂತೋಷ.

ಎರಡು ದಿನ ಬಿಟ್ಟು ಹಾಲ್ಟಿಗೆ ಬಂದಾಗ ಕೋಡಿಯ ಮೇಲೆ ಮಣ್ಣು ತುಂಬಿದ ಸಿಮೆಂಟ್ ಚೀಲಗಳು ಸಾಲಾಗಿ, ಒಂದರ ಮೇಲೊಂದು ಪೇರಿಸಿದ್ದವು. ನೀರು ಹರಿಯುವುದು ನಿಂತಿತ್ತು. ಮೀನಿನ ಟೆಂಡರ್ ಹಿಡಿದಿದ್ದ ಗೋವಿಂದರಾಜು ಮುಂದೆ ನಿಂತು ಮಾಡಿಸಿದ್ದ, ಆದರೆ ಚೀಲ ಹೊತ್ತವರು ಊರಿನವರೇ. ಕೂಲಿ ಕೇಳದೆ ಹೊತ್ತಿದ್ದರು. ಕೋಡಿಯ ನೀರು ಹಳ್ಳ ಹಿಡಿದು ಗಡಿಯ ಆಚೆಗೆ ಹೋಗುತ್ತದೆ. ಅದೇ ಅವರಿಗೆ ಹೊಟ್ಟೆಯುರಿ.

"ಇಷ್ಟು ವರ್ಷಕ್ಕೆ ಬಂದಿರೋ ನೀರು, ಆಂಧ್ರದೋರಿಗೆ ಬಿಟ್ಟು ಕುಂತ್ಕೊಳ್ಳಾ?" ಎಂದು ಮುನಿಸ್ವಾಮಪ್ಪನವರು ಕೇಳಿದರು.

ನೀರನ್ನು ಮಡಿಲಿಗೆ ಕಟ್ಟಿಕೊಳ್ಳಬೇಕೆನ್ನುವ ಆಸೆ ನನಗೆ ಅರ್ಥವಾಗದೆ ಇರಲಿಲ್ಲ. ಆದರೆ ಕೆರೆಗೆ ಒಂದು ಮಟ್ಟ ಇಟ್ಟವರು ಹುಚ್ಚರಲ್ಲ. ಮಳೆ ನಿಂತಿರಲಿಲ್ಲ, ಹಳ್ಳ ಬರುತ್ತಲೇ ಇತ್ತು. ಹೋಗಲು ದಾರಿ ಇಲ್ಲದ ನೀರು ಹಿಂದಕ್ಕೆ ಏರಿತು. ಅಂಗಳದ ದಿಬ್ಬಗಳು ಮುಳುಗಿದವು. ಪಾದ ಮುಳುಗುವಲ್ಲಿ ಮೊಣಕಾಲು ಮುಳುಗಿತು. ಸಿಪಿಲೆಗಳು ರಸ್ತೆಗೆ ಬಂದವು. ತೂಬಿನ ಕಲ್ಲು ನೀರಿನೊಳಗೆ ಹೋಗಿ ಇನ್ಸ್‌ಪೆಕ್ಟರ್ ಕಾಣೆಯಾದ. ನಾರಾಯಣಮ್ಮನ ರಾಗಿ ತೆನೆ ಕಟ್ಟಿತ್ತು, ಆ ಹೊಲದ ಅರ್ಧಕ್ಕೆ ನೀರು ನುಗ್ಗಿತು. ಮೂಟೆ ತೆಗೆಸಿ ಎಂದು ಅವಳು ಹೇಳಿದಳು, ನಾನೂ ಹೇಳಿದೆ. ಗೋವಿಂದರಾಜು ನಕ್ಕ. "ನಿನ್ನ ತುಂಡು ರಾಗಿಗೆ ಊರಿನ ಕೆರೆ ಖಾಲಿ ಮಾಡ್ಬೇಕಾ ಅಕ್ಕ?" ಎಂದು ಅವಳನ್ನು ಕೇಳಿದ. ನನ್ನನ್ನಂತೂ ಕಣ್ಣೆತ್ತಿ ನೋಡಲಿಲ್ಲ.

ಅವು ಬಂದದ್ದು ಆಗಲೇ. ಮಳೆ ಬಿಟ್ಟು ಬಿಳುಪಾಗಿದ್ದ ಒಂದು ಬೆಳಿಗ್ಗೆ, ನಾನು, ಚಲಪತಿ ಇಬ್ಬರೂ ಏರಿಯ ಮೇಲಿದ್ದೆವು. ಉತ್ತರದ ಕಡೆಯಿಂದ ಹಿಂಡು ಬಂತು. ಉದ್ದ ಕೊಕ್ಕು, ಬಾಲದಾಚೆಗೆ ಚಾಚಿದ ಕಾಲು, ರೆಕ್ಕೆಯಲ್ಲಿ ಬಿಳಿ ಪಟ್ಟೆ. ದುರ್ಬೀನು ಕಣ್ಣಿಗೆ ಹಿಡಿದೆ. ಹಿಂಡು ಅಂಗಳದ ಮೇಲೆ ತಗ್ಗಿ ಬಂತು, ಕಾಲು ಇಳಿಬಿಟ್ಟವು, ಇನ್ನೇನು ಇಳಿದವು ಎನ್ನುವಾಗ ಮತ್ತೆ ಮೇಲೆದ್ದವು. ಒಂದು ಸುತ್ತು ಹಾಕಿ ಬಂದು ಮತ್ತೆ ಕಾಲು ಇಳಿಬಿಟ್ಟವು. ನಿಲ್ಲಲು ಎಲ್ಲೂ ನೆಲವಿರಲಿಲ್ಲ. ಎಷ್ಟು ಸಲ ಹಾಗೆ ಮಾಡಿದವೋ, ಕೊನೆಗೆ ನಮ್ಮ ತಲೆಯ ಮೇಲೆಯೇ ಹಾದು ಆಂಧ್ರದ ಗುಡ್ಡಗಳ ಕಡೆ ಹೋಗಿಬಿಟ್ಟವು.

ಎಲ್ಲಿಂದಲೋ ಹಾರಿ ಬಂದು ಕಾಲೂರಲು ಅಂಗೈಯಗಲ ಜಾಗ ಕೇಳಿದ್ದವು. ನಮ್ಮ ಕೈಲಿ ಅದೂ ಆಗಲಿಲ್ಲ. ನನಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚು ಬಂತು. ದುರ್ಬೀನನ್ನು ಚಲಪತಿಯ ಕೊರಳಿಗೆ ಹಾಕಿ, ನೇರ ಕೋಡಿಗೆ ನಡೆದೆ. ಚೀಲದ ಕಿವಿ ಹಿಡಿದು ಎಳೆದೆ. ಒದ್ದೆ ಮಣ್ಣಿನ ಚೀಲ, ಹೆಣದ ಭಾರ. ಮೊದಲನೆಯದು ಉರುಳಿ ಬಿದ್ದಾಗ ಅಲ್ಲಿಂದ ನೀರು ಒಂದು ನಾಲಿಗೆ ಹೊರಹಾಕಿತು. ಎರಡನೆಯದಕ್ಕೆ ಕೈ ಹಾಕುವಷ್ಟರಲ್ಲಿ ಪಕ್ಕದಲ್ಲಿ ಇನ್ನೆರಡು ಕೈ ಬಂದವು. ನಾರಾಯಣಮ್ಮ ಸೀರೆ ಎತ್ತಿಕಟ್ಟಿ ನಿಂತಿದ್ದಳು. "ನೀನು ಎಳೀತಿರಾದು ನೋಡ್ಕೊಂಡು ನಾನು ಸುಮ್ನಿದ್ರೆ ನನ್ ರಾಗಿ ನನ್ನ ಬೈತದೆ" ಅಂದಳು.

ಗೋವಿಂದರಾಜು ಬೈಕಿನಲ್ಲಿ ಬಂದ. ಅವನ ಹಿಂದೆ ಮುನಿಸ್ವಾಮಪ್ಪನವರು, ಅವರ ಹಿಂದೆ ಬಸ್ಸಿಗೆ ಕಾಯುತ್ತಿದ್ದವರೆಲ್ಲ ಬಂದರು. ಏರಿಯ ಮೇಲೆ ಜನ ತುಂಬಿತು.

"ಏನಮ್ಮ ಇದು? ಟಿಕೆಟ್ ಹರಿಯೋಳು ಟಿಕೆಟ್ ಹರಿ. ಕೆರೆಗೂ ನಿನಗೂ ಏನು ಸಂಬಂಧ?" ಎಂದು ಗೋವಿಂದರಾಜು ಕೇಳಿದ.

"ಕೋಡಿಗೂ ನಿನಗೂ ಏನು ಸಂಬಂಧ? ನೀನು ಹಿಡಿದಿರೋದು ಮೀನಿನ ಟೆಂಡರ್, ನೀರಿನದಲ್ಲ. ಮೀನು ಹೋಗ್ತದೆ ಅಂದ್ರೆ ಕೋಡಿಗೆ ಬಲೆ ಕಟ್ಟು."

"ನೀರು ಆಂಧ್ರಕ್ಕೆ ಹೋಯ್ತದಮ್ಮ" ಅಂದರು ಮುನಿಸ್ವಾಮಪ್ಪನವರು. ಅವರ ದನಿಯಲ್ಲಿ ನಿಜವಾದ ನೋವಿತ್ತು.

"ಯಜಮಾನ್ರೇ, ನಿಮ್ಮ ಇಬ್ಬರು ಸೊಸೆಯಂದ್ರೂ ಆಂಧ್ರದಿಂದ ಬಂದೋರು. ಅವರ ಅಪ್ಪಂದ್ರ ಹೊಲಕ್ಕೆ ನೀರು ಹೋದ್ರೆ ನಿಮಗೇನು ಕಷ್ಟ? ಹೆಣ್ಣು ಅಲ್ಲಿಂದ ಬರಬೇಕು, ನೀರು ಅಲ್ಲಿಗೆ ಹೋಗಬಾರ್ದು, ಇದ್ಯಾವ ನ್ಯಾಯ?"

ಹೆಂಗಸರ ಗುಂಪಿನಲ್ಲಿ ಯಾರೋ ನಕ್ಕರು. ಅಷ್ಟರಲ್ಲಿ ಬಸ್ಸು ಹೊರಡುವ ಹೊತ್ತಾಗಿತ್ತು. ಗಾರ್ಮೆಂಟ್ಸಿಗೆ ಹೋಗುವ ಹುಡುಗಿಯರು ಚಡಪಡಿಸುತ್ತಿದ್ದರು. ಅವರಿಗೆ ಮುಳಬಾಗಿಲಿನಲ್ಲಿ ಕಂಪನಿಯ ಗಾಡಿ ಸಿಗಬೇಕು. ಒಬ್ಬಳು, "ಅಕ್ಕ, ಟೈಮಾಯ್ತು, ಬರ್ರೀ" ಅಂದಳು.

ಆಗ ನಾನು ಹೇಳಿದೆ, "ಈ ಮೂಟೆ ಕೋಡಿ ಮೇಲಿರೋವರೆಗೆ ನಾನು ಸೀಟಿ ಊದಲ್ಲ. ಕಂಡಕ್ಟರ್ ಸೀಟಿ ಊದದೆ ಚಲಪತಿ ಗಾಡಿ ಎತ್ತಲ್ಲ. ಬೇಗ ಹೋಗಬೇಕು ಅನ್ನೋರು ಒಂದೊಂದು ಕೈ ಹಾಕಿ."

ನನ್ನ ಜೀವನದಲ್ಲಿ ಬಸ್ಸು ತಡಮಾಡಿದ್ದು ಅದೊಂದೇ ದಿನ, ಬೇಕೆಂದೇ ತಡಮಾಡಿದೆ. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಟಿಫಿನ್ ಬಾಕ್ಸಿನ ಚೀಲಗಳನ್ನು ಏರಿಯ ಮೇಲಿಟ್ಟು ಇಳಿದರು. ಅವರಲ್ಲಿ ಇಬ್ಬರ ಮನೆಯ ಹೊಲವೂ ಅಂಗಳದ ಅಂಚಿನದೇ ಎಂದು ನನಗೆ ಆಮೇಲೆ ಗೊತ್ತಾಯಿತು. ಗೋವಿಂದರಾಜು ಅಡ್ಡ ಬರಲು ಹೋದ, ಆದರೆ ಊರಿನ ಅಷ್ಟು ಹೆಣ್ಣುಮಕ್ಕಳ ಮೈ ಮುಟ್ಟಿ ತಡೆಯುವುದು ಹೇಗೆ. ಫೋನ್ ತೆಗೆದು ಡಿಪೋಗೆ ಹಚ್ಚಿದ. ನನ್ನನ್ನು ಕರೆದೊಯ್ಯಲು ಬಂದ ಚಲಪತಿ ಪ್ಯಾಂಟ್ ಮಡಚಿ, "ಸರೇ, ಇಬ್ಬರಿಗೂ ಮೆಮೋ ಬರ್ಲಿ" ಎಂದು ನೀರಿಗಿಳಿದ. ಕೊನೆಯ ಚೀಲ ಉರುಳಿದಾಗ ಕೋಡಿ ಮತ್ತೆ ಉದ್ದಕ್ಕೂ ಹರಿಯಿತು. ನಾವೆಲ್ಲ ಸೊಂಟದವರೆಗೆ ಒದ್ದೆಯಾಗಿಯೇ ಬಸ್ಸು ಹತ್ತಿದೆವು. ಸೀಟಿ ಊದಿದೆ.

ಡಿಪೋ ಮ್ಯಾನೇಜರು ಕೆಟ್ಟವರಲ್ಲ. ಬಾಗಿಲು ಹಾಕಿಕೊಂಡು ಮಾತಾಡಿದರು. "ಒಂದು ಸಾಲು ಬರೆದುಕೊಡಮ್ಮ, ನನ್ನಿಂದ ತಪ್ಪಾಯ್ತು, ಕ್ಷಮಿಸಬೇಕು ಅಂತ. ಇಲ್ಲಿಗೇ ಮುಗಿಸ್ತೀನಿ. ಹಾಲ್ಟ್ ನಿನಗೇ ಇರ್ಲಿ."

ಹಾಲ್ಟ್ ಎಂದರೆ ನನಗೆ ಬೆಳಗಿನ ಕೆರೆ, ಅಂಗಳ, ಇನ್ನೂ ಬರಬೇಕಾಗಿದ್ದ ಹಕ್ಕಿಗಳು. ಅದೆಲ್ಲ ಒಂದು ಸಾಲಿನ ಆಚೆಗಿತ್ತು. ಪೆನ್ನು ಕೈಗೆ ತೆಗೆದುಕೊಂಡೆ ಕೂಡ.

"ಬಸ್ಸು ತಡ ಆಯ್ತು, ತಡ ಮಾಡಿದ್ದು ನಾನೇ, ಡ್ರೈವರದ್ದೇನೂ ಇಲ್ಲ ಅಂತ ಬರೀತೀನಿ ಸಾರ್. ತಪ್ಪಾಯ್ತು ಅಂತ ಬರೆಯಲ್ಲ."

"ಎರಡಕ್ಕೂ ಏನಮ್ಮ ವ್ಯತ್ಯಾಸ?"

"ನಿಮಗೆ ಇಲ್ಲ ಸಾರ್. ನನಗೆ ಇದೆ."

ಹಾಲ್ಟ್ ಹೋಯಿತು. ನನ್ನನ್ನು ಮಾಲೂರಿನ ಬಸ್ಸಿಗೆ ಹಾಕಿದರು. ಚಲಪತಿಯನ್ನು ಅಲ್ಲೇ ಬಿಟ್ಟರು. ಮನೆಗೆ ಬಂದು ಹೇಳಿದರೆ ನಮ್ಮವರು ಹುಳುವಿನ ತಟ್ಟೆಗೆ ಸೊಪ್ಪು ಹರಡುತ್ತ, "ಬರ್ಕೊಡಲಿಲ್ಲ ತಾನೆ?" ಎಂದು ಅಷ್ಟೇ ಕೇಳಿದರು. ಇಲ್ಲ ಎಂದೆ. "ಮತ್ತೆ ಯಾಕೆ ಮುಖ ಹಂಗೆ ಮಾಡ್ಕೊಂಡಿದ್ದೀಯ, ಮುದ್ದೆ ಆರ್ತಾ ಇದೆ" ಅಂದರು. ಜಗ್ಗದೆ ನಿಂತವಳು ಕಳೆದುಕೊಂಡದ್ದಕ್ಕೆ ಅಳಬಾರದು ಎಂದು ಯಾರು ಹೇಳಿದ್ದು. ಚೆನ್ನಾಗಿ ಅತ್ತೆ.

ದೀಪಾವಳಿ ಹತ್ತಿರ ಬಂದಾಗ ಬೆಳಗಿನ ಹೊತ್ತು ಚಲಪತಿಯ ಫೋನ್ ಬಂತು. ದನಿ ತಗ್ಗಿಸಿ ಮಾತಾಡುತ್ತಿದ್ದ, ಎಲ್ಲಿ ಹಕ್ಕಿಗೆ ಕೇಳಿಬಿಡುತ್ತದೋ ಎನ್ನುವಂತೆ.

"ಅಕ್ಕಾ, ಉದ್ದ ಮೂತಿಯೋರು ಬಂದವ್ರೆ. ಇಳಿದವ್ರೆ ಅಕ್ಕಾ. ಅಂಗಳದ ತುಂಬಾ."

ಮರುದಿನ ನನ್ನ ವಾರದ ರಜೆ. ಅವತ್ತು ಸಂಜೆಯೇ ಚಲಪತಿಯ ಬಸ್ಸಿನಲ್ಲಿ ಪ್ಯಾಸೆಂಜರಾಗಿ ಹೋದೆ. ಹೊಸ ಕಂಡಕ್ಟರು ಆಧಾರ್ ಕಾರ್ಡ್ ಕೇಳಿ, ಎಲ್ಲ ಹೆಂಗಸರಿಗೆ ಕೊಡುವಂತೆ ನನಗೂ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟ. ಅದನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡೆ.

ಬೆಳಿಗ್ಗೆ ನಾರಾಯಣಮ್ಮನ ಹೊಲದ ಬದುವಿನ ಮೇಲೆ ಕೂತು ನೋಡಿದೆ. ನೀರು ತನ್ನ ಮಟ್ಟಕ್ಕೆ ಇಳಿದಿತ್ತು, ದಿಬ್ಬಗಳು ಎದ್ದಿದ್ದವು, ಅವಳ ರಾಗಿಯಲ್ಲಿ ಅರ್ಧ ಉಳಿದಿತ್ತು. ಗೊರವಗಳು ಅಂಗಳದ ಈ ತುದಿಯಿಂದ ಆ ತುದಿಯವರೆಗೆ ಇದ್ದವು. ಕೊಕ್ಕನ್ನು ಬುಡದವರೆಗೆ ಕೆಸರಿಗೆ ತೂರಿಸಿ, ಕೆನ್ನೆ ಒದ್ದೆಯಾಗುವವರೆಗೆ ಬಗ್ಗಿ, ಏನೋ ಸಿಕ್ಕಿದಾಗ ತಲೆ ಎತ್ತಿ ನುಂಗುತ್ತಿದ್ದವು. ಕೆಲವು ಒಂದು ಕಾಲಿನ ಮೇಲೆ ನಿಂತು, ಕೊಕ್ಕನ್ನು ಬೆನ್ನಿನ ಗರಿಯಲ್ಲಿ ಹುದುಗಿಸಿ ನಿದ್ದೆ ಹೋಗಿದ್ದವು. ಅಷ್ಟು ದೂರ ಹಾರಿ ಬಂದವು ನಮ್ಮ ಕೆಸರಿನಲ್ಲಿ ನಿಶ್ಚಿಂತೆಯಿಂದ ಮಲಗಿರುವುದನ್ನು ನೋಡಿ ನನ್ನ ಎದೆ ತುಂಬಿತು.

ಹಿಂದಿನಿಂದ ಯಾರೋ ಕೆಮ್ಮಿದರು. ಮುನಿಸ್ವಾಮಪ್ಪನವರು. ಪಕ್ಕದಲ್ಲಿ ಬಂದು ಕುಕ್ಕರುಗಾಲಿನಲ್ಲಿ ಕೂತು ದುರ್ಬೀನಿಗೆ ಕೈ ಚಾಚಿದರು. ಕೊಟ್ಟೆ. ತುಂಬ ಹೊತ್ತು ನೋಡಿದರು.

"ಇವೇನಾ?"

"ಇವೇ."

"ಇಷ್ಟಕ್ಕಾ ಇಷ್ಟೆಲ್ಲ?"

"ಇಷ್ಟಕ್ಕೇ."

ಅವರು ಮತ್ತೆ ದುರ್ಬೀನು ಕಣ್ಣಿಗೆ ಹಿಡಿದರು. ವಾಪಸ್ ಕೊಡಲಿಲ್ಲ. ದೂರದಲ್ಲಿ ಹೊಸ ಕಂಡಕ್ಟರನ ಸೀಟಿ ಕೇಳಿತು. ಮೊದಲ ಬಸ್ಸು ನನ್ನನ್ನು ಬಿಟ್ಟು ಹೊರಟಿತು. ಹೋಗಲಿ ಎಂದುಕೊಂಡೆ.

ಆಮೇಲಿನ ಪ್ರತಿ ಆಗಸ್ಟ್‌ನಲ್ಲೂ ಆ ಹಾಲ್ಟಿಗೆ ಅರ್ಜಿ ಹಾಕುತ್ತೇನೆ. ಮ್ಯಾನೇಜರು ಬದಲಾಗಿದ್ದಾರೆ, ಫೈಲು ಬದಲಾಗಿಲ್ಲ. ಆ ಒಂದು ಸಾಲು ಬರೆದುಕೊಟ್ಟರೆ ನೋಡೋಣ ಎನ್ನುತ್ತಾರೆ. ನಾನು ಬರೆಯುವುದಿಲ್ಲ. ಈ ವರ್ಷವೂ ಬರೆದಿಲ್ಲ.

ಕೋಲಾರದ ಬಸ್‌ಸ್ಟ್ಯಾಂಡಿನಲ್ಲಿ ಮೀನಿನ ಹೆಂಗಸು ಇಳಿಯಲು ಎದ್ದಳು. ಬುಟ್ಟಿಗೆ ಒಂದು ಕೈ ಕೊಟ್ಟು ಕೇಳಿದೆ, "ಆ ಕೆರೆ ಕೋಡಿ ಮೇಲೆ ಈ ವರ್ಷ ಮೂಟೆ ಇಟ್ಟವ್ರಾ?"

"ಎಲ್ಲಿ ಇಡ್ತಾರಮ್ಮ? ಅಲ್ಲಿ ಒಬ್ಬಳು ನಾರಾಯಣಮ್ಮ ಅಂತ ಅವಳೆ. ಹಸು ಮೇಯಕ್ಕೆ ಬಿಟ್ಟು ಕೋಡಿ ಕಲ್ ಮೇಲೇ ಕುಂತಿರ್ತಾಳೆ. ಯಾರಾದ್ರೂ ಚೀಲ ತಂದ್ರೆ ಅವರ ತಾತ ಮುತ್ತಾತಂದಿರನ್ನೆಲ್ಲ ಎತ್ತಿ ಬೈತಾಳೆ. ಹಿಂದೆ ಯಾವಳೋ ಕಂಡಕ್ಟರಮ್ಮ ಇದ್ಳಂತೆ, ಅವಳು ಹತ್ತಿಸಿಕೊಟ್ಟು ಹೋದ ಬುದ್ಧಿ."

ಹೇಳದೆ ಸುಮ್ಮನಿರುವ ದೊಡ್ಡಗುಣ ನನಗೆ ಹುಟ್ಟಿನಿಂದ ಬಂದಿಲ್ಲ. "ಆ ಕಂಡಕ್ಟರಮ್ಮ ನಾನೇ" ಅಂದೆ.

ಅವಳು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. "ಮೀನು ಹಿಡಿಯೋರು ಇವತ್ತಿಗೂ ನಿನ್ನ ಬೈತಾರೆ ಕಣಮ್ಮ."

"ಬೈಲಿ. ನೀರು ಹೋಗ್ತಾ ಇದೆಯಲ್ಲ."

ಬುಟ್ಟಿ ಅವಳ ತಲೆಗೆ ಏರಿಸಿದೆ. ಕೈಗೆ ಕೆರೆಯ ಕೆಸರು ಹತ್ತಿತ್ತು. ಒರೆಸಿಕೊಳ್ಳದೆಯೇ ಸೀಟಿ ಊದಿದೆ.